ಶಿಕ್ಷಣ ಪ್ರಶ್ನೋತ್ತರ: ಇನ್‌ಫೆಂಟ್ ಶಾಲೆ, ಜೂನಿಯರ್ ಶಾಲೆ ಒಂದಾಗುವಾಗ

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರಿಂದ ಇತ್ತೀಚೆಗೆ ಒಂದೇ ವಿಷಯ ಕುರಿತ ಪತ್ರಗಳು ಮೇಲಿಂದ ಮೇಲೆ ಬರುತ್ತಿವೆ. ಅಲ್ಲಿನ ಹಲವು ಊರುಗಳಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಇನ್‌ಫೆಂಟ್ ಶಾಲೆ, ಏಳರಿಂದ ಹನ್ನೊಂದರವರೆಗೆ ಜೂನಿಯರ್ ಶಾಲೆ ಎಂದು ಎರಡು ಪ್ರತ್ಯೇಕ ಶಾಲೆಗಳಿವೆ. ಮೊದಲನೆಯದರಲ್ಲಿ ರಿಸೆಪ್ಷನ್, ಇಯರ್ 1, ಇಯರ್ 2 ಎಂಬ ತರಗತಿಗಳು; ಎರಡನೆಯದರಲ್ಲಿ ಇಯರ್ 3ರಿಂದ ಇಯರ್ 6. ಈ ಎರಡು ಶಾಲೆಗಳನ್ನು ಕೂಡಿಸಿ ಒಂದೇ ಪ್ರೈಮರಿ ಶಾಲೆ ಮಾಡುವ ಪ್ರಸ್ತಾವಗಳು ಕೌನ್ಸಿಲ್‌ಗಳಿಂದ, ಅಂದರೆ ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಗಳಿಂದ, ಹೊರಟಿರುವುದೇ ಈ ಪತ್ರಗಳಿಗೆ ಕಾರಣ. ನಾನು ಅಲ್ಲಿದ್ದಾಗ ಇಂಥ ಒಂದು ಇನ್‌ಫೆಂಟ್ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿಯಾಗಿ ಕುಳಿತಿದ್ದೆ. ಅದು ಪಕ್ಕದ ಜೂನಿಯರ್ ಶಾಲೆಯೊಂದಿಗೆ ವಿಲೀನವಾಗುವುದನ್ನು ಮೊದಲಿಂದ ಕೊನೆಯವರೆಗೆ ಕಂಡಿದ್ದೇನೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದೆ.

ಪ್ರಶ್ನೆ: ಮಾನ್ಯರೇ, ನಾವು ರೆಡಿಂಗ್ ಸಮೀಪ ವಾಸವಾಗಿದ್ದೇವೆ. ಮಗಳು ಜೂನಿಯರ್ ಶಾಲೆಯಲ್ಲಿ ಇಯರ್ 3, ಮಗ ಪಕ್ಕದ ಇನ್‌ಫೆಂಟ್ ಶಾಲೆಯಲ್ಲಿ ರಿಸೆಪ್ಷನ್ ತರಗತಿ. ಕಳೆದ ವಾರ ಬಂದ ಕೌನ್ಸಿಲ್ ಪತ್ರದಲ್ಲಿ ಜೂನಿಯರ್ ಶಾಲೆಯನ್ನು ಮುಚ್ಚುವುದಾಗಿಯೂ ಇನ್‌ಫೆಂಟ್ ಶಾಲೆಯ ವಯೋಮಿತಿಯನ್ನು ಹನ್ನೊಂದಕ್ಕೆ ಏರಿಸುವುದಾಗಿಯೂ ಬರೆದಿದೆ. ಮಗಳ ಶಾಲೆ ಮುಚ್ಚಿದರೆ ಅವಳ ಗತಿ ಏನು? — ತಾಯಿಯೊಬ್ಬರು, ಬರ್ಕ್‌ಶೈರ್

ಉತ್ತರ: ಮೊದಲಿಗೆ ಧೈರ್ಯ ತಂದುಕೊಳ್ಳಿ; ನಿಮ್ಮ ಮಗಳು ಬಹುಮಟ್ಟಿಗೆ ಅದೇ ಕಟ್ಟಡದಲ್ಲಿ, ಅದೇ ಗೆಳತಿಯರ ಪಕ್ಕದಲ್ಲಿ ಕುಳಿತಿರುತ್ತಾಳೆ. ಪತ್ರದಲ್ಲಿ ನಿಮ್ಮನ್ನು ಬೆಚ್ಚಿಬೀಳಿಸಿದ್ದು ಕಾನೂನಿನ ಭಾಷೆ. ಇಂಗ್ಲೆಂಡಿನ ಕಾನೂನಿನಲ್ಲಿ ಎರಡು ಶಾಲೆಗಳನ್ನು "ಕೂಡಿಸುವ" ಪ್ರತ್ಯೇಕ ಕ್ರಿಯೆಯೇ ಇಲ್ಲ. ಶಾಲೆಯನ್ನು ತೆರೆಯಬಹುದು, ಮುಚ್ಚಬಹುದು, ಇರುವ ಶಾಲೆಯನ್ನು ಬದಲಿಸಬಹುದು, ಅಷ್ಟೆ. ಆದ್ದರಿಂದ ನಾವು ವಿಲೀನ ಎನ್ನುವುದನ್ನು ಈ ಮೂರರಲ್ಲಿ ಯಾವುದಾದರೂ ಎರಡನ್ನು ಜೋಡಿಸಿ ಸಾಧಿಸಬೇಕಾಗುತ್ತದೆ. ಎರಡೂ ಶಾಲೆಗಳನ್ನು ಮುಚ್ಚಿ ಮರುದಿನ ಹೊಸ ಪ್ರೈಮರಿ ಶಾಲೆ ತೆರೆಯುವುದು ಒಂದು ದಾರಿ. ಒಂದನ್ನು ಮುಚ್ಚಿ ಇನ್ನೊಂದರ ವಯೋಮಿತಿಯನ್ನು ಹಿಗ್ಗಿಸುವುದು ಇನ್ನೊಂದು. ನಿಮ್ಮ ಕೌನ್ಸಿಲ್ ಎರಡನೆಯದನ್ನು ಆರಿಸಿಕೊಂಡಿದೆ. ಹೆಚ್ಚಿನ ಕೌನ್ಸಿಲ್‌ಗಳು ಆರಿಸಿಕೊಳ್ಳುವುದೂ ಅದನ್ನೇ, ಏಕೆಂದರೆ ಅದರಲ್ಲಿ ಕಾಗದಪತ್ರದ ಕೆಲಸ ಕಡಿಮೆ ಮತ್ತು ಒಂದು ಶಾಲೆಯ ಮುಖ್ಯೋಪಾಧ್ಯಾಯರ ಹುದ್ದೆ ಹಾಗೆಯೇ ಮುಂದುವರಿಯುತ್ತದೆ.

ಆದರೆ ಯಾವ ಶಾಲೆ "ಮುಚ್ಚಿತು" ಎಂಬುದು ಬರಿಯ ಕಾಗದದ ಮಾತು ಎಂದು ನಾನು ಹೇಳಲಾರೆ. ಉಳಿಯುವ ಶಾಲೆ ತನ್ನ ನೋಂದಣಿ ಸಂಖ್ಯೆಯನ್ನೂ ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯ ತಪಾಸಣೆಯ ಇತಿಹಾಸವನ್ನೂ ಆಡಳಿತ ಮಂಡಳಿಯನ್ನೂ ಉಳಿಸಿಕೊಳ್ಳುತ್ತದೆ. ಮುಚ್ಚುವ ಶಾಲೆಯ ಮಂಡಳಿ ವಿಸರ್ಜನೆಯಾಗುತ್ತದೆ. ಮಂಡಳಿಯನ್ನು ಮರುರಚಿಸುವಾಗ ಜೂನಿಯರ್ ಕಡೆಯ ಪೋಷಕರಿಗೆ ಸ್ಥಾನ ಸಿಗುವುದೇ ಎಂದು ಈಗಲೇ ಕೇಳಿ. ನಮ್ಮಲ್ಲಿ ಆ ಪ್ರಶ್ನೆ ತಡವಾಗಿ ಎದ್ದಿತು. ಮೊದಲ ವರ್ಷವಿಡೀ ಒಂದು ಕಡೆಯವರು ಆತಿಥೇಯರಂತೆಯೂ ಇನ್ನೊಂದು ಕಡೆಯವರು ನೆಂಟರಂತೆಯೂ ಕುಳಿತಿದ್ದರು.

ಹಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. "ಅವರ ಸಾಲ ನಮ್ಮ ತಲೆಗೆ ಬರುತ್ತದೆ" ಎನ್ನುತ್ತಾರೆ. ಕೌನ್ಸಿಲ್ ಅಧೀನದ ಶಾಲೆ ಮುಚ್ಚಿದಾಗ ಅದರ ಖಾತೆಯಲ್ಲಿರುವ ಉಳಿತಾಯವಾಗಲಿ ಕೊರತೆಯಾಗಲಿ ಕೌನ್ಸಿಲ್‌ಗೆ ಹೋಗುತ್ತದೆಯೇ ಹೊರತು ಉತ್ತರಾಧಿಕಾರಿ ಶಾಲೆಯ ಖಾತೆಗೆ ನೇರವಾಗಿ ಬರುವುದಿಲ್ಲ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ. ಮಗನ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಹಳೆಯ ಶಾಲಾ ಕಟ್ಟಡವೊಂದರ ಮೂರು ಬಾಗಿಲುಗಳ ಮೇಲೆ ಬಾಯ್ಸ್, ಗರ್ಲ್ಸ್, ಇನ್‌ಫೆಂಟ್ಸ್ ಎಂದು ಕಲ್ಲಿನಲ್ಲಿ ಕೆತ್ತಿದ್ದನ್ನು ಕಂಡೆ. ಐದು ವರ್ಷದ ಮಗುವಿಗೂ ಎಂಟು ವರ್ಷದ ಮಗುವಿಗೂ ಬೇರೆ ಶಾಲೆ ಬೇಕೆಂದು ಇವರಿಗೆ ಅನಿಸಿದ್ದು ಏಕೆ? — ಓದುಗರು, ಮೈಸೂರು

ಉತ್ತರ: ತಾವು ಕಂಡ ಆ ಮೂರು ಬಾಗಿಲುಗಳಲ್ಲೇ ಅರ್ಧ ಉತ್ತರವಿದೆ. 1870ರ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಲಂಡನ್ನಿನ ಸ್ಕೂಲ್ ಬೋರ್ಡ್ ಕಟ್ಟಿದ ಶಾಲೆಗಳು ಹೆಚ್ಚಾಗಿ ಮೂರು ಅಂತಸ್ತಿನವು, ಇ. ಆರ್. ರಾಬ್ಸನ್ ಎಂಬ ವಾಸ್ತುಶಿಲ್ಪಿ ಅವುಗಳಿಗೆ ರೂಪ ಕೊಟ್ಟವರು. ಮೆಟ್ಟಿಲು ಹತ್ತಲಾರದ ಪುಟ್ಟ ಮಕ್ಕಳಿಗೆ ನೆಲ ಅಂತಸ್ತು, ಅದರ ಮೇಲೆ ಹುಡುಗಿಯರು ಮತ್ತು ಹುಡುಗರು. ಒಂದೇ ಕಟ್ಟಡವಾದರೂ ಮೂರು ವಿಭಾಗಗಳಿಗೆ ಮೂವರು ಮುಖ್ಯಸ್ಥರು. ಬಡ ತಾಯಂದಿರು ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಎಳೆಯ ಮಕ್ಕಳನ್ನು ಶಾಲೆಯೇ ನೋಡಿಕೊಳ್ಳಬೇಕಾಗಿತ್ತು ಎಂಬುದನ್ನೂ ನೆನಪಿಡಬೇಕು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ರಾಬರ್ಟ್ ಓವನ್ ತನ್ನ ಹತ್ತಿ ಗಿರಣಿಯ ಕಾರ್ಮಿಕರ ಮಕ್ಕಳಿಗಾಗಿ 1816ರಲ್ಲಿ ಶಿಶುಶಾಲೆ ತೆರೆದದ್ದು ಈ ಪರಂಪರೆಯ ಆರಂಭಗಳಲ್ಲಿ ಒಂದು. ಸೋಜಿಗವೆಂದರೆ ಅದೇ ಸ್ಕಾಟ್ಲೆಂಡಿನಲ್ಲಿ ಇಂದು ಪ್ರೈಮರಿ 1ರಿಂದ 7ರವರೆಗೆ ಒಂದೇ ಶಾಲೆಯಲ್ಲಿ ಓದುವುದು ರೂಢಿ; ಇನ್‌ಫೆಂಟ್-ಜೂನಿಯರ್ ತಕರಾರು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನದು.

ಗಡಿ ಏಳನೆಯ ವಯಸ್ಸಿನಲ್ಲೇ ಏಕೆ ಬಿತ್ತು? 1862ರಲ್ಲಿ ಶಾಲೆಗಳಿಗೆ ಅನುದಾನ ಕೊಡಲು ಮಕ್ಕಳ ಓದು, ಬರಹ, ಲೆಕ್ಕಗಳ ಪರೀಕ್ಷೆ ನಡೆಸುವ ನಿಯಮಾವಳಿ ಬಂತು. ಆರು ವರ್ಷದೊಳಗಿನವರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಇತ್ತು. ಪರೀಕ್ಷೆಯ ಕಾಟವಿಲ್ಲದ ಶಿಶುವಿಭಾಗ ಒಂದು ಕಡೆ, ಸುಮಾರು ಏಳರ ಹೊತ್ತಿಗೆ "ಸ್ಟ್ಯಾಂಡರ್ಡ್ 1" ಎಂಬ ಮೊದಲ ಮೆಟ್ಟಿಲಿನಿಂದ ಪರೀಕ್ಷೆ ಎದುರಿಸುವ ದೊಡ್ಡವರ ವಿಭಾಗ ಇನ್ನೊಂದು ಕಡೆ, ಹೀಗೆ ಎರಡು ಬಗೆಯ ಶಾಲಾ ಬದುಕು ಬೆಳೆಯಿತು. ಹಣಕಾಸಿನ ನಿಯಮವೊಂದು ಎಳೆದ ಗೆರೆ ಕಾಲಕ್ರಮೇಣ ಮಕ್ಕಳ ಬೆಳವಣಿಗೆಯ ಸಹಜ ಗೆರೆ ಎಂಬಂತೆ ಕಾಣತೊಡಗಿತು ಎಂಬುದು ನನ್ನ ಅಭಿಪ್ರಾಯ. ಸರ್ಕಾರಕ್ಕೆ ಶಿಕ್ಷಣದ ಬಗ್ಗೆ ಸಲಹೆ ನೀಡುತ್ತಿದ್ದ ಹ್ಯಾಡೋ ಸಮಿತಿಯ 1931 ಮತ್ತು 1933ರ ವರದಿಗಳು ಏಳರ ಗಡಿಯನ್ನು ಒಪ್ಪಿಕೊಂಡವು. 1967ರ ಪ್ಲೌಡನ್ ವರದಿ ಅದನ್ನು ಸರಿಸಿ ಐದರಿಂದ ಎಂಟು, ಎಂಟರಿಂದ ಹನ್ನೆರಡು ಎಂದು ಬದಲಿಸಲು ಸಲಹೆ ಮಾಡಿತು. ಕೆಲವು ಜಿಲ್ಲೆಗಳು ಕೇಳಿದವು, ಹೆಚ್ಚಿನವು ಬಿಟ್ಟವು. 1988ರ ಕಾಯ್ದೆಯೊಂದಿಗೆ ಬಂದ ರಾಷ್ಟ್ರೀಯ ಪಠ್ಯಕ್ರಮ ಮತ್ತೆ ಏಳರಲ್ಲೇ ಒಂದು ಹಂತ ಮುಗಿಸಿತು.

ಇದರಲ್ಲಿ ಇನ್ನೊಂದು ಎಳೆಯಿದೆ. ಶಿಶುವಿಭಾಗದ ಮುಖ್ಯಸ್ಥರು ಸಾಮಾನ್ಯವಾಗಿ ಮಹಿಳೆಯರೇ. 1920-30ರ ದಶಕಗಳಲ್ಲಿ ವಿಭಾಗಗಳನ್ನು ಕೂಡಿಸಿದಾಗ ಕೂಡಿದ ಶಾಲೆಯ ಮುಖ್ಯಸ್ಥಾನ ಪುರುಷರ ಪಾಲಾಗುತ್ತದೆಂದು ಅಲ್ಲಿನ ಶಿಕ್ಷಕಿಯರ ರಾಷ್ಟ್ರೀಯ ಸಂಘ ಬಲವಾಗಿ ವಿರೋಧಿಸಿತ್ತು. ಪುಟ್ಟ ಮಕ್ಕಳ ಪಾಠವೆಂದರೆ ಹಗುರವಾದ ಕೆಲಸ ಎಂಬ ಭಾವನೆ ಅಂದೂ ಇತ್ತು. ಇಂದು ವಿಲೀನದ ಸಭೆಗಳಲ್ಲಿ ಇನ್‌ಫೆಂಟ್ ಶಾಲೆಯ ಶಿಕ್ಷಕಿಯರು ಏಕೆ ಅಷ್ಟು ಎಚ್ಚರದಿಂದ ಮಾತನಾಡುತ್ತಾರೆ ಎಂಬುದು ಇದನ್ನು ಬಲ್ಲವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಮಕ್ಕಳ ಹಿತಕ್ಕಾಗಿ ಎಂದು ಕೌನ್ಸಿಲ್ ಹೇಳುತ್ತಿದೆ. ನಿಜವಾಗಿ ಇದು ಹಣ ಉಳಿಸುವ ಉಪಾಯವಲ್ಲವೇ? — ಓದುಗರು, ಹ್ಯಾರೋ

ಉತ್ತರ: ಹೌದು, ಬಹಳ ಮಟ್ಟಿಗೆ ಹಣವೇ. ಅದನ್ನು ನೇರವಾಗಿ ಹೇಳದಿರುವುದು ಕೌನ್ಸಿಲ್‌ಗಳ ತಪ್ಪು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರಲ್ಲಿ ಸುಮಾರು 7 ಲಕ್ಷ 30 ಸಾವಿರ ಮಕ್ಕಳು ಹುಟ್ಟಿದ್ದರು. 2023ರಲ್ಲಿ ಹುಟ್ಟಿದವರು ಸುಮಾರು 5 ಲಕ್ಷ 91 ಸಾವಿರ. ಶಾಲೆಯ ಅನುದಾನದ ಬಹುಪಾಲು ಅಕ್ಟೋಬರ್ ತಿಂಗಳ ಗಣತಿಯಲ್ಲಿ ಸಿಗುವ ತಲೆಯೆಣಿಕೆಯ ಮೇಲೆ ನಿಂತಿದೆ. ಇನ್‌ಫೆಂಟ್ ತರಗತಿಯಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳಿಗಿಂತ ಹೆಚ್ಚು ಇರಬಾರದೆಂದು 1998ರ ಕಾಯ್ದೆಯ ನಿಯಮ. ರಿಸೆಪ್ಷನ್‌ಗೆ 47 ಮಕ್ಕಳು ಬಂದರೆ ಒಂದು ತರಗತಿ ಸಾಲದು, ಎರಡು ತರಗತಿಗಳಿಗೆ ಇಬ್ಬರು ಶಿಕ್ಷಕರು ಬೇಕು, ಆದರೆ ಹಣ ಬರುವುದು 47 ತಲೆಗಳಿಗೆ ಮಾತ್ರ. ಜನನ ಇಳಿದಾಗ ಮೊದಲ ಪೆಟ್ಟು ಇನ್‌ಫೆಂಟ್ ಶಾಲೆಗೇ ಬೀಳುತ್ತದೆ; ಜೂನಿಯರ್ ಶಾಲೆಗೆ ಅದು ತಲುಪಲು ಮೂರು ವರ್ಷ ಬೇಕು. ಒಂದೇ ಶಾಲೆಯಾದರೆ ಮೇಲಿನ ದೊಡ್ಡ ತರಗತಿಗಳು ಕೆಳಗಿನ ಸಣ್ಣ ತರಗತಿಗಳನ್ನು ಕೆಲಕಾಲ ಹೊತ್ತು ಸಾಗುತ್ತವೆ. ವಿಲೀನದ ಪರವಾಗಿ ಇರುವ ಗಟ್ಟಿಯಾದ ಆರ್ಥಿಕ ವಾದ ಇದು.

ಆದರೆ "ಉಳಿತಾಯ" ಎಂದು ಹೇಳಿದಾಕ್ಷಣ ನಂಬಬೇಡಿ, ಲೆಕ್ಕ ಕೇಳಿ. ಪ್ರತಿ ಶಾಲೆಗೂ ಮಕ್ಕಳ ಸಂಖ್ಯೆ ಎಷ್ಟೇ ಇರಲಿ ಒಂದು ಇಡಿಗಂಟು ಸಿಗುತ್ತದೆ. 2024-25ರ ರಾಷ್ಟ್ರೀಯ ಸೂತ್ರದಲ್ಲಿ ಅದು 1,34,400 ಪೌಂಡ್. ಎರಡು ಶಾಲೆಗಳಿಗೆ ಕೂಡಿ 2,68,800. ವಿಲೀನವಾದ ನಂತರದ ಹಣಕಾಸು ವರ್ಷದಲ್ಲಿ ಇದರ ಶೇ. 85, ಅಂದರೆ 2,28,480 ಪೌಂಡ್ ಸಿಗುತ್ತದೆ. ಎರಡನೆಯ ವರ್ಷ ಶೇ. 70ರವರೆಗೆ ಕೊಡಬಹುದು, ಆದರೆ ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಆಮೇಲೆ ಒಂದೇ ಶಾಲೆ, ಒಂದೇ ಇಡಿಗಂಟು. ಅಂದರೆ ವರ್ಷಕ್ಕೆ 1,34,400 ಪೌಂಡ್ ಕೈಬಿಟ್ಟುಹೋಯಿತು. ಒಬ್ಬ ಮುಖ್ಯೋಪಾಧ್ಯಾಯರ ಸಂಬಳ ಮತ್ತು ಪಿಂಚಣಿ ವಂತಿಗೆ, ಒಂದು ಕಚೇರಿ, ಫೋಟೋಕಾಪಿ ಯಂತ್ರದಿಂದ ಹಿಡಿದು ಹುಲ್ಲು ಕತ್ತರಿಸುವ ಗುತ್ತಿಗೆಯವರೆಗಿನ ಜೋಡಿ ಖರ್ಚುಗಳು, ಇವೆಲ್ಲ ಉಳಿದು ಆ ಹಳ್ಳವನ್ನು ಮುಚ್ಚಬೇಕು. ಮುಚ್ಚಿದ ಮೇಲೆ ಮಿಕ್ಕಿದ್ದೇ ನಿಜವಾದ ಲಾಭ. ನಮ್ಮ ಮಂಡಳಿಯ ಮೇಜಿನ ಮೇಲೆ ಬಂದ ಮೊದಲ ಲೆಕ್ಕದಲ್ಲಿ ಖರ್ಚಿನ ಉಳಿತಾಯವೆಲ್ಲ ಇತ್ತು, ಇಡಿಗಂಟಿನ ನಷ್ಟದ ಸಾಲು ಮಾತ್ರ ಇರಲಿಲ್ಲ. ಕೇಳಿದ ಮೇಲೆ ಎರಡು ವಾರ ಬಿಟ್ಟು ಹೊಸ ಹಾಳೆ ಬಂತು. ಲಾಭ ಮೊದಲಿನ ಅರ್ಧಕ್ಕೂ ಕಡಿಮೆ ಇತ್ತು.

ತಾವು ಹ್ಯಾರೋದವರಾದ್ದರಿಂದ ಒಂದು ಮಾತು: ಅಲ್ಲಿನ ಕೌನ್ಸಿಲ್ ಇದಕ್ಕೆಂದೇ ನೀತಿಯೊಂದನ್ನು ಮಾಡಿಕೊಂಡಿತ್ತು. ಜೋಡಿ ಶಾಲೆಗಳಲ್ಲಿ ಒಂದರ ಮುಖ್ಯೋಪಾಧ್ಯಾಯರ ಹುದ್ದೆ ತೆರವಾದಾಗ ಬಲವಾದ ಕಾರಣವಿಲ್ಲದಿದ್ದರೆ ಎರಡನ್ನೂ ಕೂಡಿಸಬೇಕು ಎಂಬುದು ಅದರ ಸಾರ. ಹೀಗೆ ನೀತಿಯಿದ್ದರೂ ಇಲ್ಲದಿದ್ದರೂ ಬೇರೆ ಊರುಗಳಲ್ಲೂ ಪ್ರಸ್ತಾವ ಹೊರಡುವುದು ಸಾಮಾನ್ಯವಾಗಿ ಅದೇ ಗಳಿಗೆಯಲ್ಲಿ. ಯಾರನ್ನೂ ಕೆಲಸದಿಂದ ತೆಗೆಯದೆ ಇಬ್ಬರು ಮುಖ್ಯಸ್ಥರ ಜಾಗಕ್ಕೆ ಒಬ್ಬರನ್ನು ತರಲು ನಿವೃತ್ತಿಗಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮಗ ತುಂಬ ಸಂಕೋಚದವನು. ನಾಲ್ಕು ವರ್ಷದ ಮಗು ಹನ್ನೊಂದು ವರ್ಷದ ಹುಡುಗರ ನಡುವೆ ಹೆದರುವುದಿಲ್ಲವೇ? ಅದಕ್ಕಿಂತ, ಏಳರಲ್ಲಿ ಶಾಲೆ ಬದಲಿಸುವುದು ತಪ್ಪಿದರೆ ಅವನ ಕಲಿಕೆಗೆ ನಿಜಕ್ಕೂ ಲಾಭವಿದೆಯೇ? — ತಂದೆ, ಮಿಲ್ಟನ್ ಕೀನ್ಸ್

ಉತ್ತರ: ಮೊದಲ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ದೇಶದ ಬಹುಪಾಲು ಮಕ್ಕಳು ನಾಲ್ಕರಿಂದ ಹನ್ನೊಂದರವರೆಗಿನ ಶಾಲೆಗಳಲ್ಲೇ ಓದುತ್ತಿದ್ದಾರೆ. ಊಟದ ಸಮಯವನ್ನೂ ಆಟದ ಅಂಗಳವನ್ನೂ ಬೇರೆ ಮಾಡುವುದು ಅಲ್ಲಿ ನಿತ್ಯದ ವ್ಯವಸ್ಥೆ. ಎರಡನೆಯ ಪ್ರಶ್ನೆ ಮಾತ್ರ ಇಡೀ ವಿಷಯದ ತಿರುಳು, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ನಮ್ಮ ಎರಡು ಶಾಲೆಗಳ ನಡುವೆ ಸೊಂಟದೆತ್ತರದ ಬೇಲಿ ಇತ್ತು, ಅದಕ್ಕೊಂದು ಕಬ್ಬಿಣದ ಗೇಟು. ಪುಟ್ಟವರ ಕೈಗೆ ನಿಲುಕಬಾರದೆಂದು ಅಗುಳಿಯನ್ನು ಆಚೆಯ ಬದಿಗೆ, ಜೂನಿಯರ್ ಕಡೆಗೆ ಇಟ್ಟಿದ್ದರು. ಜುಲೈ ತಿಂಗಳ ಒಂದು ಬೆಳಗ್ಗೆ ಇಯರ್ 2ರ ಮಕ್ಕಳು ಸಾಲಾಗಿ ಆ ಗೇಟು ದಾಟಿ ಮುಂದಿನ ತರಗತಿಯಲ್ಲಿ ಒಂದು ಗಂಟೆ ಕುಳಿತು ಬರುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅಲ್ಲೇ ಸೇರುತ್ತಿದ್ದರು. ಇಷ್ಟರ ನಡುವೆ ನಡೆಯುತ್ತಿದ್ದುದನ್ನು ನೋಡಿ. ಇನ್‌ಫೆಂಟ್ ಶಾಲೆಯಲ್ಲಿ ಓದುವ ಪುಸ್ತಕಗಳಿಗೆ ಬಣ್ಣದ ಪಟ್ಟಿಯ ಮಟ್ಟಗಳಿದ್ದವು. ಜೂನಿಯರ್ ಶಾಲೆಯಲ್ಲೂ ಬಣ್ಣಗಳಿದ್ದವು, ಆದರೆ ಅದೇ ಬಣ್ಣಕ್ಕೆ ಬೇರೆ ಮಟ್ಟ. ಜುಲೈನಲ್ಲಿ ಮೇಲಿನ ಪಟ್ಟಿಯಲ್ಲಿದ್ದ ಮಗು ಸೆಪ್ಟೆಂಬರ್‌ನಲ್ಲಿ ಮತ್ತೆ ಪರೀಕ್ಷೆಗೊಳಗಾಗಿ ಎರಡು ಮೆಟ್ಟಿಲು ಕೆಳಗಿನ ಪುಸ್ತಕ ಹಿಡಿದು ಮನೆಗೆ ಬರುತ್ತಿತ್ತು. ಒಂದು ಶಾಲೆಯಲ್ಲಿ ಬಿಡಿ ಅಕ್ಷರ, ಇನ್ನೊಂದರಲ್ಲಿ ಮೊದಲ ದಿನದಿಂದಲೇ ಕೂಡಿಸಿ ಬರೆಯುವ ಅಕ್ಷರ. ಇದರ ಮೇಲೆ ಇಂಗ್ಲೆಂಡಿನ ಮಗು ಏಳರಲ್ಲಿ ಇನ್ನೂ ಕೆಲವನ್ನು ಕಳೆದುಕೊಳ್ಳುತ್ತದೆ: 2014ರ ಸೆಪ್ಟೆಂಬರ್‌ನಿಂದ ಇಯರ್ 2ರವರೆಗೆ ಎಲ್ಲರಿಗೂ ಸಿಗುತ್ತಿರುವ ಉಚಿತ ಊಟ, ಸರ್ಕಾರ ದಿನವೂ ಕೊಡುವ ಒಂದು ಹಣ್ಣು ಅಥವಾ ತರಕಾರಿ, ಅನೇಕ ಶಾಲೆಗಳಲ್ಲಿ ಮಧ್ಯಾಹ್ನದ ಆಟದ ಬಿಡುವು. ದೊಡ್ಡವರಿಗೆ ಇವು ಸಣ್ಣ ಸಂಗತಿಗಳು. ಇವೆಲ್ಲವೂ ಒಂದೇ ವಾರದಲ್ಲಿ, ಅದೂ ಹೊಸ ಕಟ್ಟಡದಲ್ಲಿ ಸಂಭವಿಸಿದರೆ ಏಳು ವರ್ಷದ ಮಗುವಿಗೆ ಹೇಗಿರಬೇಕು?

ಶಾಲೆಗಳ ನಡುವಿನ ಅಪನಂಬಿಕೆಗೆ ಅಂಕಗಳ ಪದ್ಧತಿಯೂ ತುಪ್ಪ ಸುರಿಯಿತು. ಬಹುಕಾಲ ಮಗುವಿನ ಪ್ರಗತಿಯನ್ನು ಇಯರ್ 2ರ ಕೊನೆಯ ಮೌಲ್ಯಮಾಪನದಿಂದ ಇಯರ್ 6ರ ಪರೀಕ್ಷೆಯವರೆಗೆ ಅಳೆಯುತ್ತಿದ್ದರು. ಇನ್‌ಫೆಂಟ್ ಶಾಲೆಗೆ ಆ ಅಂಕ ಎತ್ತರವಿದ್ದಷ್ಟೂ ಹೆಸರು. ಜೂನಿಯರ್ ಶಾಲೆಗೆ ಅದು ಎತ್ತರವಿದ್ದಷ್ಟೂ ತೊಂದರೆ, ಏಕೆಂದರೆ ಅಲ್ಲಿಂದ ಏರಿಸಿ ತೋರಿಸಬೇಕಾದವರು ಅವರು. "ನೀವು ಉಬ್ಬಿಸಿ ಕೊಟ್ಟಿರಿ", "ನೀವು ಇಳಿಸಿ ನೋಡಿದಿರಿ" ಎಂಬ ಮಾತು ನಮ್ಮ ಜಂಟಿ ಸಭೆಗಳಲ್ಲಿ ಸಭ್ಯವಾದ ಇಂಗ್ಲಿಷಿನಲ್ಲಿ ಪ್ರತಿ ವರ್ಷ ಕೇಳಿಬರುತ್ತಿತ್ತು. ಇಯರ್ 2ರ ಆ ಮೌಲ್ಯಮಾಪನ 2023-24ರಿಂದ ಕಡ್ಡಾಯವಲ್ಲ. 2021ರಿಂದ ರಿಸೆಪ್ಷನ್‌ಗೆ ಬಂದ ಮೊದಲ ವಾರಗಳಲ್ಲೇ ಆರಂಭಿಕ ಮೌಲ್ಯಮಾಪನ ನಡೆಯುತ್ತಿದ್ದು, ಮುಂದೆ ಪ್ರಗತಿಯನ್ನು ಅಲ್ಲಿಂದ ಇಯರ್ 6ರವರೆಗೆ ಅಳೆಯುವ ಉದ್ದೇಶವಿದೆ. ಈ ಅಳತೆಗೋಲು ಪೂರ್ಣ ಪ್ರೈಮರಿ ಶಾಲೆಗೆ ಹೊಂದುತ್ತದೆ, ಅರ್ಧ ಶಾಲೆಗಳಿಗೆ ಹೊಂದುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ವಿಲೀನವಾದರೆ ಸಾಕು ಎಂದು ತಮಗೆ ಅನಿಸಬಹುದು. ಅಲ್ಲೇ ನನ್ನ ಎಚ್ಚರಿಕೆ. ನಮ್ಮಲ್ಲಿ ಬೋರ್ಡು ಬದಲಾದ ಮೇಲೂ ಒಂದು ವರ್ಷ ಎರಡು ಸಿಬ್ಬಂದಿ ಕೋಣೆಗಳು, ಎರಡು ಚಹಾ ಕೆಟಲ್‌ಗಳು, ಎರಡು ಬಣ್ಣದ ಪಟ್ಟಿಗಳು ಹಾಗೆಯೇ ಇದ್ದವು. ಗೇಟಿನ ಅಗುಳಿಯೂ ಇತ್ತು. ಬದಲಾವಣೆ ಆರಂಭವಾದದ್ದು ಎರಡನೆಯ ವರ್ಷ, ಹೊಸ ಮುಖ್ಯೋಪಾಧ್ಯಾಯಿನಿ ಇಯರ್ 2ರ ಒಬ್ಬ ಶಿಕ್ಷಕಿಯನ್ನು ಅವರ ಮಕ್ಕಳ ಜೊತೆಗೇ ಇಯರ್ 3ಕ್ಕೆ ಕಳಿಸಿದಾಗ. ಆ ಶಿಕ್ಷಕಿ ಅಕ್ಟೋಬರ್‌ನಲ್ಲಿ ಮಂಡಳಿಗೆ ಹೇಳಿದ್ದು ನನಗೆ ಈಗಲೂ ನೆನಪಿದೆ: "ಮೊದಲ ಬಾರಿಗೆ ಸೆಪ್ಟೆಂಬರ್‌ನಲ್ಲಿ ನಾನು ಯಾರನ್ನೂ ಪರೀಕ್ಷಿಸಲಿಲ್ಲ, ಪಾಠ ಮಾಡಿದೆ." ನಿಮ್ಮ ಮಗನಿಗೆ ಸಿಗಬೇಕಾದ ಲಾಭ ಇದೇ. ಎರಡು ಬೇರೆ ಶಾಲೆಗಳ ಶಿಕ್ಷಕಿಯರು ನಿಯಮಿತವಾಗಿ ಒಟ್ಟಿಗೆ ಕುಳಿತರೆ ವಿಲೀನವಿಲ್ಲದೆಯೂ ಇದರಲ್ಲಿ ಬಹಳಷ್ಟನ್ನು ಸಾಧಿಸಬಹುದು. ಕುಳಿತುಕೊಳ್ಳದಿದ್ದರೆ ವಿಲೀನವಾಗಿಯೂ ಸಾಧ್ಯವಿಲ್ಲ.

ಪ್ರಶ್ನೆ: ಇಯರ್ 3ಕ್ಕೆ ಮತ್ತೆ ಅರ್ಜಿ ಹಾಕಬೇಕೇ? ಊಟ, ಸಮವಸ್ತ್ರ ಬದಲಾಗುತ್ತವೆಯೇ? — ಓದುಗರು, ಲಂಡನ್

ಉತ್ತರ: ಶಾಲೆಗಳು ಬೇರೆಯಾಗಿರುವವರೆಗೆ ಹಾಕಲೇಬೇಕು. ಜನವರಿ 15ರೊಳಗೆ ಅರ್ಜಿ, ಏಪ್ರಿಲ್ 16ರ ಹೊತ್ತಿಗೆ ಉತ್ತರ. ಪಕ್ಕದ ಜೂನಿಯರ್ ಶಾಲೆಯೆಂದು ತಾನಾಗಿ ಸೀಟು ಬರುವುದಿಲ್ಲ; ಜೋಡಿ ಶಾಲೆಯ ಮಕ್ಕಳಿಗೆ ಆದ್ಯತೆ ಇರಬಹುದು, ಆದರೆ ಅರ್ಜಿಯೇ ಹಾಕದವರಿಗೆ ಆದ್ಯತೆಯಿಂದ ಏನೂ ಆಗದು. ನಮ್ಮವರು ಇಲ್ಲಿ ಎಡವುವುದನ್ನು ಹಲವು ಬಾರಿ ಕಂಡಿದ್ದೇನೆ. ವಿಲೀನವಾದ ಶಾಲೆಯಲ್ಲಿ ಮಗು ಇಯರ್ 2ರಿಂದ 3ಕ್ಕೆ ನಮ್ಮೂರಿನಂತೆ ಸುಮ್ಮನೆ ಮುಂದಿನ ತರಗತಿಗೆ ಹೋಗುತ್ತದೆ. ಊಟದ ನಿಯಮ ತರಗತಿಗೆ ಸಂಬಂಧಿಸಿದ್ದು, ಶಾಲೆಗಲ್ಲ; ಲಂಡನ್ನಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಮೇಯರ್ ಯೋಜನೆಯಡಿ ಸರ್ಕಾರಿ ಪ್ರೈಮರಿ ಶಾಲೆಯ ದೊಡ್ಡ ತರಗತಿಗಳಿಗೂ ಉಚಿತ ಊಟ ಇರುವುದರಿಂದ ನಿಮಗೆ ಆ ಚಿಂತೆಯಿಲ್ಲ. ಸಮವಸ್ತ್ರಕ್ಕೆ ಒಂದೆರಡು ವರ್ಷದ ರಿಯಾಯಿತಿ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.

ಪ್ರಶ್ನೆ: ನಾನು ಇನ್‌ಫೆಂಟ್ ಶಾಲೆಯೊಂದರಲ್ಲಿ ಬೋಧನಾ ಸಹಾಯಕಿ. ವಿಲೀನವಾದರೆ ನನ್ನ ಕೆಲಸ ಉಳಿಯುವುದೇ? — ಓದುಗರು, ಹ್ಯಾಂಪ್‌ಶೈರ್

ಉತ್ತರ: ಎರಡೂ ಸಾಮಾನ್ಯ ಕೌನ್ಸಿಲ್ ಶಾಲೆಗಳಾಗಿದ್ದರೆ ನಿಮ್ಮ ಉದ್ಯೋಗದಾತರು ಮೊದಲೂ ಕೌನ್ಸಿಲ್, ಆಮೇಲೂ ಕೌನ್ಸಿಲ್. ಚರ್ಚಿನ ಅಥವಾ ಪ್ರತಿಷ್ಠಾನದ ಶಾಲೆ, ಅಕಾಡೆಮಿ (ಸರ್ಕಾರದ ಹಣದಿಂದ ನಡೆದರೂ ಕೌನ್ಸಿಲ್ ಅಧೀನದಲ್ಲಿಲ್ಲದ ಶಾಲೆ) ಇವುಗಳಲ್ಲಿ ಉದ್ಯೋಗದಾತರು ಬದಲಾಗಬಹುದು. ಆಗ ಸೇವಾ ಷರತ್ತುಗಳನ್ನು ಹಾಗೆಯೇ ವರ್ಗಾಯಿಸಬೇಕೆಂಬ ರಕ್ಷಣೆ ಕಾನೂನಿನಲ್ಲಿದೆ. ತರಗತಿಯೊಳಗಿನ ಕೆಲಸಗಳು ವಿಲೀನದ ಮೊದಲ ದಿನ ಹೆಚ್ಚಾಗಿ ಅಲುಗಾಡುವುದಿಲ್ಲ. ಜೋಡಿಯಾಗಿರುವ ಹುದ್ದೆಗಳು, ಅಂದರೆ ಕಚೇರಿ ವ್ಯವಸ್ಥಾಪಕರು, ಕಟ್ಟಡದ ಮೇಲ್ವಿಚಾರಕರು, ಉಪಮುಖ್ಯಸ್ಥರು ಮತ್ತು ವಿಶೇಷ ಅಗತ್ಯದ ಮಕ್ಕಳ ಸಂಯೋಜಕರ ಹುದ್ದೆಗಳು, ಒಂದಕ್ಕೆ ಇಳಿಯುತ್ತವೆ. ನಿಮ್ಮ ವಿಷಯದಲ್ಲಿ ಅಪಾಯ ಬರುವುದಾದರೆ ಅದು ಮಕ್ಕಳ ಸಂಖ್ಯೆ ಇಳಿದದ್ದರಿಂದ, ವಿಲೀನವಾಗದಿದ್ದರೂ ಬರುತ್ತಿದ್ದುದು. ಹೊಸ ಸಿಬ್ಬಂದಿ ರಚನೆಯ ಕರಡನ್ನು ನಿಮ್ಮ ನೌಕರರ ಸಂಘದ ಮೂಲಕ ಈಗಲೇ ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮ ಇನ್‌ಫೆಂಟ್ ಶಾಲೆ ಕೌನ್ಸಿಲ್‌ನದು, ಜೂನಿಯರ್ ಶಾಲೆ ಚರ್ಚ್ ಆಫ್ ಇಂಗ್ಲೆಂಡಿನದು. ಕೂಡಿಸಲು ಸಾಧ್ಯವೇ? — ಓದುಗರು, ಕೆಂಟ್

ಉತ್ತರ: ಸಾಧ್ಯ, ಆದರೆ ಸುತ್ತು ಹೆಚ್ಚು. ನಡೆಯುತ್ತಿರುವ ಕೌನ್ಸಿಲ್ ಶಾಲೆಗೆ ಹೊಸದಾಗಿ ಧಾರ್ಮಿಕ ಸ್ವರೂಪವನ್ನು ಅಂಟಿಸಲೂ ಬರುವುದಿಲ್ಲ, ಇರುವ ಚರ್ಚ್ ಶಾಲೆಯಿಂದ ಅದನ್ನು ಕಳಚಲೂ ಬರುವುದಿಲ್ಲ; ಸ್ವರೂಪ ಬದಲಾಗಬೇಕಾದರೆ ಶಾಲೆ ಮುಚ್ಚಿ ಹೊಸದನ್ನೇ ತೆರೆಯಬೇಕು. ಚರ್ಚಿನ ಡಯಾಸಿಸ್ (ಆ ಪ್ರಾಂತ್ಯದ ಚರ್ಚ್ ಆಡಳಿತ) ಒಪ್ಪದೆ ಇದು ಮುಂದೆ ಸಾಗದು. ಇಂಥ ಕಡೆಗಳಲ್ಲಿ ವಿಲೀನದ ಬದಲು ಫೆಡರೇಶನ್ ಮಾಡಿಕೊಳ್ಳುವುದುಂಟು: ಆಡಳಿತ ಮಂಡಳಿ ಒಂದು, ಹಲವು ವೇಳೆ ಮುಖ್ಯಸ್ಥರೂ ಒಬ್ಬರೇ, ಆದರೆ ಕಾನೂನಿನ ಕಣ್ಣಿನಲ್ಲಿ ಶಾಲೆಗಳು ಎರಡು, ಇಡಿಗಂಟೂ ಎರಡು. ಮೇಲಿನ ಲೆಕ್ಕವನ್ನು ಓದಿದವರಿಗೆ ಇದರ ಆಕರ್ಷಣೆ ಏನೆಂದು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮಲ್ಲಿಯೂ ಸರ್ಕಾರಿ ಶಾಲೆಗಳ ವಿಲೀನದ ಮಾತು ಎದ್ದಾಗಲೆಲ್ಲ "ವಿದೇಶಗಳಲ್ಲೂ ಹೀಗೆಯೇ ಮಾಡುತ್ತಾರೆ" ಎನ್ನುತ್ತಾರೆ. ಈ ಹೋಲಿಕೆ ಸರಿಯೇ? — ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಸರಿಯಲ್ಲ. ಇಂಗ್ಲೆಂಡಿನ ಈ ಜೋಡಿ ಶಾಲೆಗಳು ಬಹುಪಾಲು ಒಂದೇ ಆವರಣದಲ್ಲೋ ಒಂದೇ ರಸ್ತೆಯಲ್ಲೋ ಇವೆ. ಕೂಡಿಸಿದರೆ ಮಗು ನಡೆಯುವ ದೂರ ಹೆಚ್ಚುವುದಿಲ್ಲ. ನಮ್ಮಲ್ಲಿ ವಿಲೀನವೆಂದರೆ ಮಕ್ಕಳ ಸಂಖ್ಯೆ ಕಡಿಮೆಯಿರುವ ಹಳ್ಳಿಯ ಶಾಲೆಗೆ ಬೀಗ ಹಾಕಿ ಮುಂದಿನ ಊರಿಗೆ ಕಳಿಸುವುದು. ಶಿಕ್ಷಣ ಹಕ್ಕು ನಿಯಮಗಳು ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಎಂದು ಗೆರೆ ಎಳೆದಿರುವುದು ಇದೇ ಕಾರಣಕ್ಕೆ. ಜೊತೆಗೆ, ನಮ್ಮ ಕಿರಿಯ ಪ್ರಾಥಮಿಕ ಶಾಲೆ ಒಂದರಿಂದ ಐದು, ಹಿರಿಯ ಪ್ರಾಥಮಿಕ ಶಾಲೆಯೂ ಒಂದರಿಂದಲೇ ಆರಂಭ; ಏಳು ವರ್ಷಕ್ಕೆ ಶಾಲೆ ಬದಲಿಸುವ ಪದ್ಧತಿಯೇ ನಮ್ಮಲ್ಲಿಲ್ಲ.

ನಿಜವಾದ ಹೋಲಿಕೆ ಬೇರೆ ಕಡೆ ಇದೆ. ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಪಕ್ಕದ ಒಂದನೆಯ ತರಗತಿ ಶಾಲಾ ಶಿಕ್ಷಣ ಇಲಾಖೆಯದು. ಎಷ್ಟೋ ಊರುಗಳಲ್ಲಿ ಎರಡೂ ಒಂದೇ ಕಾಂಪೌಂಡಿನಲ್ಲಿವೆ. ಆರು ವರ್ಷದ ಮಗು ಹತ್ತು ಹೆಜ್ಜೆ ನಡೆದು ಇಲಾಖೆಯನ್ನೇ ದಾಟುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ ಆ ಮಗುವಿನ ಬಗ್ಗೆ ಗೊತ್ತಿರುವುದರಲ್ಲಿ ಎಷ್ಟು ಒಂದನೆಯ ತರಗತಿಯ ಮೇಷ್ಟ್ರಿಗೆ ತಲುಪುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದು ವಿರೋಧಿಸಿದಾಗ, ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಶಿಕ್ಷಕಿಯರು ನನಗೆ ನೆನಪಾದರು.

ಪ್ರಶ್ನೆ: ಅಭಿಪ್ರಾಯ ತಿಳಿಸಿ ಎಂದು ಕೌನ್ಸಿಲ್ ಅರ್ಜಿ ನಮೂನೆ ಕಳಿಸಿದೆ. ಅಲ್ಲಿ ಬರೆಯುವುದರಿಂದ ಪ್ರಯೋಜನವಿದೆಯೇ? ಏನು ಬರೆಯಬೇಕು? — ದಂಪತಿ, ಎಸೆಕ್ಸ್

ಉತ್ತರ: ಇದೆ, ಆದರೆ ಎರಡು ಬೇರೆ ಬೇರೆ ಸುತ್ತುಗಳಿವೆ ಎಂಬುದನ್ನು ಗಮನಿಸಿ. ಈಗ ಬಂದಿರುವುದು ಆರಂಭಿಕ ಸಮಾಲೋಚನೆ. ಆದಷ್ಟು ಶಾಲಾ ರಜೆಯನ್ನು ಬಿಟ್ಟು ಕನಿಷ್ಠ ಆರು ವಾರ ನಡೆಸುವಂತೆ ಸರ್ಕಾರದ ಮಾರ್ಗದರ್ಶಿ ಶಿಫಾರಸು ಮಾಡುತ್ತದೆ. ಅದಾದ ಮೇಲೆ ಕೌನ್ಸಿಲ್ ಮುಂದುವರಿದರೆ ಅಧಿಕೃತ ಸೂಚನೆ ಪ್ರಕಟವಾಗಿ ನಾಲ್ಕು ವಾರಗಳ ಆಕ್ಷೇಪಣಾ ಅವಧಿ ಇರುತ್ತದೆ; ಅದು ಮುಗಿದ ಎರಡು ತಿಂಗಳೊಳಗೆ ತೀರ್ಮಾನವಾಗಬೇಕು. ಮೊದಲ ಸುತ್ತಿನಲ್ಲಿ ಬರೆದೆವೆಂದು ಎರಡನೆಯದರಲ್ಲಿ ಸುಮ್ಮನಿರುವವರೇ ಹೆಚ್ಚು. ತೀರ್ಮಾನ ಮಾಡುವವರ ಮುಂದೆ ಕಡ್ಡಾಯವಾಗಿ ಬರುವುದು ಆ ಎರಡನೆಯ ಸುತ್ತಿನ ಪತ್ರಗಳು.

"ನಮ್ಮ ಪುಟ್ಟ ಶಾಲೆಯನ್ನು ಉಳಿಸಿ" ಎಂಬ ಭಾವುಕ ಸಾಲುಗಳು ನೂರಾರು ಬರುತ್ತವೆ, ಅವನ್ನು ಎಣಿಸಿ ಬದಿಗಿಡುತ್ತಾರೆ. ಉತ್ತರಿಸಲೇಬೇಕಾದ ಪ್ರಶ್ನೆ ಕೇಳಿ. ಇಡಿಗಂಟಿನ ನಷ್ಟ ಕಳೆದ ಮೇಲೆ ಮೂರನೆಯ ವರ್ಷದ ಆಯವ್ಯಯ ಹೇಗಿರುತ್ತದೆ? ಇನ್‌ಫೆಂಟ್ ಶಾಲೆಯ ಪ್ರವೇಶ ಸಂಖ್ಯೆಗೂ ಜೂನಿಯರ್ ಶಾಲೆಯ ಪ್ರವೇಶ ಸಂಖ್ಯೆಗೂ ವ್ಯತ್ಯಾಸವಿದ್ದರೆ ಹೆಚ್ಚುವರಿ ಸೀಟುಗಳು ಏನಾಗುತ್ತವೆ? ಮೊದಲ ಸೆಪ್ಟೆಂಬರ್‌ನಲ್ಲಿ ಇಯರ್ 3ರ ಶಿಕ್ಷಕರು ಯಾರು, ಇಯರ್ 2ರವರೊಂದಿಗೆ ಕುಳಿತು ಯೋಜನೆ ಮಾಡಲು ಅವರಿಗೆ ವಾರದಲ್ಲಿ ಎಷ್ಟು ಗಂಟೆ ಕೊಡಲಾಗಿದೆ? ಕೊನೆಯ ಪ್ರಶ್ನೆಗೆ ನಮ್ಮ ಕೌನ್ಸಿಲ್ ಅಧಿಕಾರಿ ಸಭೆಯಲ್ಲಿ ಕಡತ ತಿರುವಿ ಹಾಕಿ, "ಅದನ್ನು ಶಾಲೆಯೇ ನೋಡಿಕೊಳ್ಳುತ್ತದೆ" ಎಂದರು. ನಾವು ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆಸಿದೆವು. ಮುಂದಿನ ವರ್ಷ ಹೊಸ ಮುಖ್ಯೋಪಾಧ್ಯಾಯಿನಿ ಆ ಗಂಟೆಗಳಿಗೆ ಹಣ ಕೇಳಿದಾಗ ಅದೇ ಪುಟವನ್ನು ತೆರೆದು ತೋರಿಸಿದರು.